ಕುಡಿತ ಬಿಟ್ಟವರ ಸಭೆ ಶುರುವಾದ ಕಥೆ

ಕುಡಿತ ಬಿಡಿಸಲು ನಮ್ಮ ಊರುಗಳಲ್ಲಿ ಮಾಡದ ಪ್ರಯತ್ನವಿಲ್ಲ. ದೇವರ ಮುಂದೆ ಆಣೆ ಹಾಕಿಸುತ್ತೇವೆ. ಕಟ್ಟೆಯ ಮೇಲೆ ಕೂರಿಸಿ ಬುದ್ಧಿ ಹೇಳುತ್ತೇವೆ. ಯಾರೋ ಕೊಟ್ಟ ಪುಡಿಯನ್ನು ಗೊತ್ತಾಗದಂತೆ ಸಾರಿಗೆ ಬೆರೆಸುತ್ತೇವೆ. ಹದಿನೈದು ದಿನ ಬಿಟ್ಟವನು ಮತ್ತೆ ಶುರು ಮಾಡಿದರೆ 'ಇವನ ಹಣೆಬರಹ ಇಷ್ಟೇ' ಎಂದು ಕೈಬಿಡುತ್ತೇವೆ.

ಬಿಡುವುದು ಒಂದು ಕೆಲಸ, ಬಿಟ್ಟೇ ಇರುವುದು ಇನ್ನೊಂದು. ಈ ಎರಡನೆಯದಕ್ಕೆ ಒಂದು ದಾರಿ ಸಿಕ್ಕಿದ್ದು 1935ರಲ್ಲಿ, ಅಮೆರಿಕದ ಆಕ್ರನ್ ಎಂಬ ಟೈರ್ ಕಾರ್ಖಾನೆಗಳ ಊರಿನಲ್ಲಿ. ಆ ಕಥೆಯನ್ನು ಇವತ್ತು ಹೇಳುತ್ತೇವೆ.

ಬಿಲ್ ವಿಲ್ಸನ್ ನ್ಯೂಯಾರ್ಕಿನ ಷೇರು ವ್ಯಾಪಾರಿ. ಕುಡಿತದಿಂದ ಕೆಲಸ ಹೋಯಿತು, ಮರ್ಯಾದೆ ಹೋಯಿತು. ಹಲವು ಬಾರಿ ಆಸ್ಪತ್ರೆ ಸೇರಿ, 1934ರ ಡಿಸೆಂಬರ್‌ನಲ್ಲಿ ಕೊನೆಗೂ ಬಿಟ್ಟ. ಆಮೇಲೆ ಐದು ತಿಂಗಳು ಬೇರೆ ಕುಡುಕರ ಹಿಂದೆ ಬಿದ್ದು ಬುದ್ಧಿ ಹೇಳಿದ. ಒಬ್ಬನೂ ಬಿಡಲಿಲ್ಲ. ಅವನಿಗೆ ಚಿಕಿತ್ಸೆ ಕೊಟ್ಟಿದ್ದ ಡಾ. ಸಿಲ್ಕ್‌ವರ್ತ್ ಒಂದು ಮಾತು ಹೇಳಿದರು: ಉಪದೇಶ ನಿಲ್ಲಿಸು, ಇದು ಕಾಯಿಲೆ ಅನ್ನುವುದನ್ನು ಮೊದಲು ಹೇಳು.

1935ರ ಮೇ ತಿಂಗಳಲ್ಲಿ ಬಿಲ್ ವ್ಯಾಪಾರಕ್ಕೆಂದು ಆಕ್ರನ್‌ಗೆ ಹೋದ. ವ್ಯವಹಾರ ಕೈಕೊಟ್ಟಿತು. ಹೋಟೆಲಿನ ಒಂದು ಬದಿಯಲ್ಲಿ ಬಾರಿನ ಗದ್ದಲ, ಇನ್ನೊಂದು ಬದಿಯಲ್ಲಿ ಟೆಲಿಫೋನು. ಕಾಲು ಬಾರಿನ ಕಡೆ ಎಳೆಯುತ್ತಿತ್ತು. ಆಗ ಅವನಿಗೆ ಹೊಳೆಯಿತು: ಆ ಐದು ತಿಂಗಳಲ್ಲಿ ಬೇರೆಯವರು ಬಿಡಲಿಲ್ಲ, ನಿಜ. ಆದರೆ ಅವರ ಜೊತೆ ಮಾತಾಡುತ್ತಾ ತಾನು ಮಾತ್ರ ಕುಡಿದಿರಲಿಲ್ಲ! ಚರ್ಚುಗಳಿಗೆ ಫೋನು ಹಚ್ಚಿ, ಮಾತಾಡಲು ಒಬ್ಬ ಕುಡುಕ ಬೇಕೆಂದು ಕೇಳಿದ.

ಕೊನೆಗೆ ಹೆನ್ರಿಯೆಟ್ಟಾ ಸೈಬರ್ಲಿಂಗ್ ಎಂಬ ಮಹಿಳೆ ಶಸ್ತ್ರಚಿಕಿತ್ಸಕ ಡಾ. ಬಾಬ್ ಸ್ಮಿತ್‌ರನ್ನು ಭೇಟಿ ಮಾಡಿಸಿದರು. ಹದಿನೈದು ನಿಮಿಷ ಸಾಕು ಅಂದುಕೊಂಡು ಬಂದಿದ್ದ ಡಾಕ್ಟರು ರಾತ್ರಿಯವರೆಗೂ ಕೂತರು. ಬಿಲ್ ಉಪದೇಶ ಮಾಡಲಿಲ್ಲ, ತನ್ನ ಕಥೆ ಹೇಳಿಕೊಂಡ. ಕುಡಿತದ ಬಗ್ಗೆ ಡಾಕ್ಟರಿಗೆ ಪುಸ್ತಕದ ವಿದ್ಯೆ ಇತ್ತು. ತನ್ನ ಹಾಗೇ ನರಳಿದ ಒಬ್ಬ ಮನುಷ್ಯ ಎದುರಿಗೆ ಸಿಕ್ಕಿರಲಿಲ್ಲ.

ಡಾಕ್ಟರು ಬಿಟ್ಟರು. ಕೆಲವೇ ವಾರಗಳಲ್ಲಿ ಒಂದು ಸಮ್ಮೇಳನಕ್ಕೆ ಹೋಗಿ ಮತ್ತೆ ಕುಡಿದು ಬಂದರು. ಬಿಲ್ ಕೈಬಿಡಲಿಲ್ಲ. 1935ರ ಜೂನ್ 10ರ ನಂತರ ಡಾಕ್ಟರು ಮತ್ತೆ ಕುಡಿಯಲಿಲ್ಲ. 1950ರಲ್ಲಿ ತೀರಿಕೊಳ್ಳುವವರೆಗೂ ಹಾಗೇ ಇದ್ದರು. ಆ ದಿನವನ್ನೇ ಆಲ್ಕೊಹಾಲಿಕ್ಸ್ ಅನಾನಿಮಸ್, ಅಂದರೆ ಎ.ಎ. ಸಂಘ ಹುಟ್ಟಿದ ದಿನ ಎನ್ನುತ್ತಾರೆ.

ಇದಕ್ಕೂ ಮೊದಲು, 1840ರಲ್ಲಿ, ಬಾಲ್ಟಿಮೋರ್‌ನ ಆರು ಕುಡುಕರು ಇಂಥದ್ದೇ ಸಂಘ ಕಟ್ಟಿದ್ದರು. ಅದು ಬಿರುಸಾಗಿ ಬೆಳೆದು, ಪಾನನಿಷೇಧದ ಜಗಳಗಳಲ್ಲೂ ಸಿಕ್ಕಿಕೊಂಡು, ಕೆಲವೇ ವರ್ಷಗಳಲ್ಲಿ ಕುಗ್ಗಿಹೋಯಿತು. ಎ.ಎ. ಆ ತಪ್ಪು ಮಾಡಲಿಲ್ಲ. ರಾಜಕೀಯವಿಲ್ಲ, ಫೀಸಿಲ್ಲ, ಹೊರಗಿನವರ ದುಡ್ಡು ಮುಟ್ಟುವುದಿಲ್ಲ. ಸೇರಲು ಒಂದೇ ಅರ್ಹತೆ: ಕುಡಿತ ಬಿಡಬೇಕೆಂಬ ಆಸೆ.

1957ರಲ್ಲಿ ಎ.ಎ. ಭಾರತಕ್ಕೆ ಬಂತು. ಈಗ ಬೆಂಗಳೂರು, ಮಂಗಳೂರಿನಂಥ ಕಡೆಗಳಲ್ಲಿ ಸಭೆಗಳಿವೆ, ಕನ್ನಡದಲ್ಲೂ ನಡೆಯುತ್ತವೆ. ನಮ್ಮ ಹಳ್ಳಿಗಳಿಗೆ ಹೆಚ್ಚು ಪರಿಚಿತವಾದದ್ದು ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ, ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು. ಅವು ಬೇರೆಯೇ ದಾರಿಯವು. ಆದರೂ ಶಿಬಿರ ಮುಗಿದ ಮೇಲೆ ಬಿಟ್ಟವರೆಲ್ಲ ಸೇರಲು ನವಜೀವನ ಸಮಿತಿಗಳಿವೆ. ಶಿಬಿರಕ್ಕೆ ಕಳಿಸಿ ಸಮಿತಿಯನ್ನು ಮರೆಯುವುದೇ ನಾವು ಮಾಡುವ ತಪ್ಪು. ಶಿಬಿರ ಕೆಲವು ದಿನದ್ದು. ಬಾರಿನ ಮುಂದೆ ಹಾದು ಮನೆಗೆ ಬರಬೇಕಾದ ದಾರಿ ದಿನಾ ಇರುತ್ತದೆ.

ಎ.ಎ. ಸಭೆ ಹೇಗಿರುತ್ತದೆ? ಸುಮಾರು ಒಂದು ಗಂಟೆ. ಕುರ್ಚಿಗಳು, ಟೀ. ಹೆಸರು, ಜಾತಿ, ಕೆಲಸ ಯಾರೂ ಕೆದಕುವುದಿಲ್ಲ. ಒಬ್ಬೊಬ್ಬರೇ ತಮ್ಮ ಕಥೆ ಹೇಳುತ್ತಾರೆ. ಮೊದಲ ದಿನ ನೀವು ಬಾಯಿ ಬಿಡಲೇಬೇಕೆಂದಿಲ್ಲ, ಕೇಳಿಸಿಕೊಂಡು ಬಂದರೂ ಆಯಿತು. 'ಮುಕ್ತ ಸಭೆ' ಇದ್ದರೆ ಮನೆಯವರೂ ಹೋಗಬಹುದು. ಕುಡಿಯುವವರ ಮನೆಯವರಿಗೆಂದೇ ಆಲ್-ಅನಾನ್ ಎಂಬ ಬೇರೆ ಸಂಘವೂ 1951ರಿಂದ ಇದೆ. ಅದನ್ನು ಕಟ್ಟಿದವರಲ್ಲಿ ಬಿಲ್‌ನ ಹೆಂಡತಿ ಲೋಯಿಸ್ ಒಬ್ಬರು.

ಹತ್ತಿರದ ಸಭೆ ಎಲ್ಲಿದೆ ಎಂದು ತಿಳಿಯಲು ಜಿಲ್ಲಾಸ್ಪತ್ರೆಯ ಮನೋರೋಗ ವಿಭಾಗದಲ್ಲಿ ಕೇಳಿ. ವ್ಯಸನಮುಕ್ತಿಗೆ ಸರ್ಕಾರದ ಉಚಿತ ಸಹಾಯವಾಣಿ 14446 ಇದೆ. ಊರಲ್ಲಿ ಹಿಂದೆ ಕುಡಿದು ಈಗ ಬಿಟ್ಟವರಿದ್ದರೆ ಅವರನ್ನೇ ಮೊದಲು ಕೇಳಿ.

ಒಂದು ಎಚ್ಚರಿಕೆ. ವರ್ಷಗಟ್ಟಲೆ ದಿನಾ ಕುಡಿದವರು ದಿಢೀರನೆ ನಿಲ್ಲಿಸಿದರೆ ಕೈಕಾಲು ನಡುಕ, ಫಿಟ್ಸ್, ಬುದ್ಧಿಭ್ರಮಣೆ ಬರಬಹುದು, ಜೀವವೂ ಹೋಗಬಹುದು. ಮೊದಲು ಡಾಕ್ಟರ ಬಳಿ ಹೋಗಿ. ಗೊತ್ತಿಲ್ಲದಂತೆ ಪುಡಿ ಬೆರೆಸುವುದೂ ಪ್ರಾಣಕ್ಕೆ ಅಪಾಯ.

ಮನೆಯವನು ಬಿಟ್ಟು ಮತ್ತೆ ಕುಡಿದು ಬಂದ ದಿನ, 'ಮುಗೀತು' ಅನ್ನುವ ಮುಂಚೆ ಆ ಡಾಕ್ಟರನ್ನು ನೆನಪು ಮಾಡಿಕೊಳ್ಳೋಣ. ಅವರೂ ಒಮ್ಮೆ ಹಾಗೇ ಮನೆಗೆ ಬಂದಿದ್ದರು.