ಬಕ್ಕತಲೆಗೆ ಮದ್ದು ಬಂದ ಬಗೆ

ಬಾಗಲಕೋಟೆ, ಇಳಕಲ್ಲಿನ ಆಯುರ್ವೇದ ಕಾಲೇಜುಗಳಿಗೆ ಆಧಾರವಾದ ಗ್ರಂಥಗಳಲ್ಲಿ ಸುಶ್ರುತ ಸಂಹಿತೆಯೂ ಒಂದು. ಬಕ್ಕತಲೆಗೆ ಅದು ಕೊಡುವ ಹೆಸರು ‘ಖಾಲಿತ್ಯ’. ವಾತ-ಪಿತ್ತಗಳು ಕೂದಲನ್ನು ಉದುರಿಸುತ್ತವೆ, ಬಳಿಕ ಕಫ-ರಕ್ತಗಳು ರೋಮಕೂಪವನ್ನು ಮುಚ್ಚುತ್ತವೆ. ಆದ್ದರಿಂದ ಹೊಸ ಕೂದಲು ಹುಟ್ಟದು ಎಂಬುದು ಅದರ ವಿವರಣೆ. ಬಾದಾಮಿ, ಹುನಗುಂದದಂಥ ಊರುಗಳಿಗೂ ಪರಿಚಿತವಾದ ಗರುಗದ ಸೊಪ್ಪಿನ ಎಣ್ಣೆ, ಅಂದರೆ ಭೃಂಗರಾಜ ತೈಲ, ಇದೇ ವೈದ್ಯದ ಕೊಡುಗೆ.

1942ರಲ್ಲಿ ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ ಬೇರೊಂದು ಕಾರಣ ತೋರಿಸಿದರು. ಪ್ರಾಯಕ್ಕೆ ಮುನ್ನವೇ ವೃಷಣ ಕಳೆದುಕೊಂಡವರಿಗೆ ಬಕ್ಕತಲೆ ಬರುತ್ತಿರಲಿಲ್ಲ. ಮೂಲ ಇದ್ದದ್ದು ಗಂಡಸಿನ ಹಾರ್ಮೋನಿನಲ್ಲಿ, ಜೊತೆಗೆ ವಂಶಗುಣದಲ್ಲಿ.

ಮದ್ದು ಮಾತ್ರ ಬೇರೆ ರೋಗಗಳ ದಾರಿಯಿಂದ ಬಂತು. ರಕ್ತದೊತ್ತಡಕ್ಕೆ ಮಿನಾಕ್ಸಿಡಿಲ್ ಮಾತ್ರೆ ನುಂಗಿದವರ ಮೈಮೇಲೆ ಕೂದಲು ಬೆಳೆಯಿತು. 1988ರಲ್ಲಿ ಅಮೆರಿಕ ಅದನ್ನು ನೆತ್ತಿಗೆ ಹಚ್ಚುವ ದ್ರವವಾಗಿ ಒಪ್ಪಿತು. ಪ್ರಾಸ್ಟೇಟ್ ಗ್ರಂಥಿಯ ಊತಕ್ಕೆ 1992ರಲ್ಲಿ ಬಂದ ಫಿನಾಸ್ಟರೈಡ್, 1997ರಲ್ಲಿ 1 ಮಿಲಿಗ್ರಾಂ ಮಾತ್ರೆಯಾಗಿ ಕೂದಲಿಗೂ ಒದಗಿತು. ಹಾರ್ಮೋನು ಕೂದಲಿನ ಬೇರನ್ನು ಸೊರಗಿಸುವ ರೂಪಕ್ಕೆ ತಿರುಗದಂತೆ ಅದು ತಡೆಯುತ್ತದೆ. ಕೆಲವರಲ್ಲಿ ಲೈಂಗಿಕ ತೊಂದರೆ ಉಂಟಾಗುವುದರಿಂದ ವೈದ್ಯರ ಸಲಹೆ ಬೇಕೇ ಬೇಕು.

ಎರಡೂ ಕೂದಲನ್ನು ಕಾಯುತ್ತವೆ, ರೋಗವನ್ನು ಕಳೆಯುವುದಿಲ್ಲ. ಪೂರ್ತಿ ನುಣುಪಾದ ನೆತ್ತಿಯಲ್ಲಿ ಅವುಗಳ ಆಟ ನಡೆಯದು. ಮದುವೆ ಗೊತ್ತಾಗುವವರೆಗೆ ಸಾಕೆಂದು ಮದ್ದು ಹಿಡಿದವನು ಅದನ್ನು ಬಿಟ್ಟರೆ, ವರ್ಷದೊಳಗೆ ಗಳಿಸಿದ್ದೆಲ್ಲ ಉದುರುತ್ತದೆ.