ಕೊರಿಯಾದ ಗಟ್‌ಬಾಚಿಗಳು

ಕೊರಿಯಾದ ಭಾಷೆಯಲ್ಲಿ ‘ಗಟ್‌ಬಾಚಿ’ ಎಂಬೊಂದು ಪದವುಂಟು. ‘ಗಟ್’ ಎಂಬುದು ಚರ್ಮಕ್ಕೆ ಆ ನುಡಿಯಲ್ಲಿದ್ದ ಹಳೆಯ ಹೆಸರು; ‘ಬಾಚಿ’ ಎಂದರೆ ಕುಶಲಕರ್ಮಿ. ಚರ್ಮದ ಕೆಲಸದವನು, ವಿಶೇಷವಾಗಿ ಪಾದರಕ್ಷೆ ಹೊಲಿಯುವವನು ಎಂದು ಒಟ್ಟು ಅರ್ಥ. ಈ ಪದವನ್ನು ಉಳಿಸಿಕೊಂಡು ಬಂದಿರುವ ಗಾದೆಯೊಂದಿದೆ: ‘ಗಟ್‌ಬಾಚಿಯ ನಾಳೆ, ನಾಡಿದ್ದು’. ಹೇಳಿದ ದಿನಕ್ಕೆ ಕೆಲಸ ಮುಗಿಸದೆ ಮುಂದೂಡುತ್ತ ಹೋಗುವವರನ್ನು ಕುರಿತ ಮಾತು ಇದು. ನಮ್ಮಲ್ಲಿ ಇದೇ ಅಪವಾದವನ್ನು ದರ್ಜಿಯ ತಲೆಗೆ ಕಟ್ಟುತ್ತೇವೆ. ಪಾಪ, ಗಟ್‌ಬಾಚಿ ಏಕೆ ತಡಮಾಡುತ್ತಿದ್ದನೆಂಬುದನ್ನು ಮಾತ್ರ ಗಾದೆ ಹೇಳುವುದಿಲ್ಲ.

ತಡವಾಗುವುದಕ್ಕೆ ಕಾರಣವಿತ್ತು. 1392ರಲ್ಲಿ ಸ್ಥಾಪಿತವಾದ ಜೋಸನ್ ಅರಸೊತ್ತಿಗೆಯ ಕಾಲದಲ್ಲಿ ಪಾದರಕ್ಷೆಗಳಲ್ಲಿ ಎರಡು ಮುಖ್ಯ ಬಗೆಗಳಿದ್ದುವು. ಕಣಕಾಲನ್ನು ಮುಚ್ಚುವಂಥದು ‘ಹ್ವಾ’. ಪಾದವನ್ನು ಮಾತ್ರ ಅಪ್ಪಿಕೊಂಡು, ಮೂತಿ ತುಸು ಮೇಲಕ್ಕೆ ಬಾಗಿದಂಥದು ‘ಹ್ಯೆ’. ಸಿರಿವಂತರ ಹ್ಯೆಯೊಂದನ್ನು ಮಾಡಬೇಕಾದರೆ ಮೊದಲು ಬಟ್ಟೆಯ ಪದರಗಳನ್ನು ಅಂಟಿನಿಂದ ಒಂದರ ಮೇಲೊಂದು ಕೂಡಿಸಿ ಒಣಗಿಸಬೇಕು. ಅದು ಬಿರುಸಾದ ಮೇಲೆ ರೇಷ್ಮೆಯನ್ನೋ ತೊಗಲನ್ನೋ ಹೊದಿಸಬೇಕು. ಗಟ್ಟಿ ಹಸುದೊಗಲಿನ ಅಟ್ಟೆಯನ್ನು ಸೇರಿಸಿ ಹೊಲಿಯಬೇಕು. ಬಳಿಕ ಮರದ ಅಚ್ಚನ್ನು ಒಳಗೆ ತುರುಕಿ ಆಕಾರ ನಿಲ್ಲಿಸಬೇಕು. ಹೀಗೆ ಹಲವು ಹತ್ತು ಹಂತಗಳು. ಒಂದೊಂದರ ನಡುವೆಯೂ ಒಣಗಲು ಬಿಡುವ ಅವಧಿ ಬೇರೆ. ಮಳೆಗಾಲಕ್ಕೆಂದೇ ಎಣ್ಣೆ ಕುಡಿಸಿದ ತೊಗಲಿನ, ಅಡಿಯಲ್ಲಿ ಕಬ್ಬಿಣದ ಮೊಳೆ ಹೊಡೆದ ಜೋಡುಗಳೂ ಇದ್ದುವು. ಇವು ಉಳ್ಳವರ ಸೊತ್ತು. ಬಡವರಿಗೆ ಹುಲ್ಲಿನ ಮೆಟ್ಟು.

1485ರ ವೇಳೆಗೆ ಪೂರ್ಣರೂಪ ತಳೆದ ‘ಗ್ಯಂಗ್‌ಗುಕ್ ದೇಜನ್’ ಎಂಬ ರಾಜ್ಯಸಂಹಿತೆಯಲ್ಲಿ ಅರಮನೆಯ ಮತ್ತು ಕೇಂದ್ರ ಕಚೇರಿಗಳ ಊಳಿಗಕ್ಕೆ 16 ಮಂದಿ ಹ್ವಾ ಮಾಡುವವರನ್ನೂ 14 ಮಂದಿ ಹ್ಯೆ ಮಾಡುವವರನ್ನೂ ನಿಗದಿಪಡಿಸಿದೆ. ಕಾನೂನಿನ ಪುಟದಲ್ಲಿ ಸ್ಥಾನವಿತ್ತು, ಸಮಾಜದಲ್ಲಿ ಇರಲಿಲ್ಲ. ಸತ್ತ ಪ್ರಾಣಿಯ ತೊಗಲನ್ನು ಮುಟ್ಟುವವರೆಂದು ಗಟ್‌ಬಾಚಿಗಳನ್ನು ‘ಬೇಕ್‌ಜಂಗ್’ ಎನಿಸಿಕೊಂಡ ಕಟುಕರೊಡನೆ ತೀರ ಕೆಳಗಿನ ಮೆಟ್ಟಿಲಲ್ಲಿ ಇರಿಸಿದ್ದರು. 1894ರ ಸುಧಾರಣೆಗಳು ಈ ಭೇದವನ್ನು ಕಾಗದದ ಮೇಲೆ ಅಳಿಸಿದುವು. ಕಾಗದದ ಮಾತು ಬೀದಿಗಿಳಿಯಲಿಲ್ಲ. ಆದ್ದರಿಂದಲೇ 1923ರಲ್ಲಿ ಜಿಂಜು ಎಂಬ ಪಟ್ಟಣದಲ್ಲಿ ಬೇಕ್‌ಜಂಗರು ‘ಹ್ಯಂಗ್‌ಪ್ಯಂಗ್‌ಸಾ’ ಎಂಬ ಸಂಘ ಕಟ್ಟಬೇಕಾಯಿತು. ಆ ಹೆಸರಿನಲ್ಲಿರುವುದು ತಕ್ಕಡಿಯ ಸಮತೂಕದ ಕಲ್ಪನೆ. ಮಾಂಸ ತೂಗುವ ತಕ್ಕಡಿಯನ್ನೇ ಅವರು ಸಮಾನತೆಯ ಲಾಂಛನ ಮಾಡಿಕೊಂಡರು!

ಸಾಹಿತ್ಯದ ವಿದ್ಯಾರ್ಥಿಯಾದ ನನ್ನನ್ನು ಇಲ್ಲಿ ಹಿಡಿದು ನಿಲ್ಲಿಸುವ ಸಂಗತಿ ಇನ್ನೊಂದು. ಹಾಂಗ್ ಮ್ಯಂಗ್ ಹೀ ಎಂಬ ಲೇಖಕ 1928ರಿಂದ ‘ಚೋಸನ್ ಇಲ್ಬೊ’ ಪತ್ರಿಕೆಯಲ್ಲಿ ‘ಇಮ್ ಕೊಕ್‌ಜಂಗ್’ ಎಂಬ ಬೃಹತ್ ಕಾದಂಬರಿಯನ್ನು ಧಾರಾವಾಹಿಯಾಗಿ ಬರೆದರು; ಅದು ಮುಗಿಯಲೇ ಇಲ್ಲ. ಅದರ ನಾಯಕ 16ನೆಯ ಶತಮಾನದ ಬಂಡಾಯಗಾರ, ಬೇಕ್‌ಜಂಗರ ಮಗ. ಅವನಿಗೆ ಗುರುವಾಗಿ ಬರುವವನೊಬ್ಬ ಗಟ್‌ಬಾಚಿ. ಆಸ್ಥಾನದ ವಿದ್ವಾಂಸನೇ ಸ್ನೇಹ ಬೆಳೆಸುವಂಥ ಜ್ಞಾನಿ ಆತ. ಜೋಡು ಹೊಲಿಯುವವನ ಬಾಯಲ್ಲಿ ಲೋಕವಿವೇಕವನ್ನಿಟ್ಟ ಆ ಲೇಖಕನ ಧೈರ್ಯವನ್ನು ಮೆಚ್ಚಬೇಕು.

ಕಾದಂಬರಿ ಪತ್ರಿಕೆಯಲ್ಲಿ ಬರುತ್ತಿದ್ದಾಗಲೇ ನಿಜವಾದ ಗಟ್‌ಬಾಚಿಯ ಕಸುಬು ನೆಲಕಚ್ಚುತ್ತಿತ್ತು. 1920ರ ದಶಕದಲ್ಲಿ ರಬ್ಬರಿನ ಜೋಡುಗಳು ಬಂದುವು. ಅಗ್ಗ, ನೀರಿಗೆ ಜಗ್ಗವು. ಆದರೆ ಅವುಗಳ ಆಕಾರ? ಅದೇ ಹಳೆಯ ಹ್ಯೆಯದು. ಯಂತ್ರವು ಗಟ್‌ಬಾಚಿಯ ಗಿರಾಕಿಯನ್ನಷ್ಟೇ ಅಲ್ಲ, ಅವನು ಕಂಡುಕೊಂಡ ರೂಪವನ್ನೂ ಕೊಂಡೊಯ್ದಿತು. ಪಾಶ್ಚಾತ್ಯ ಬೂಟು ಇನ್ನೊಂದು ಕಡೆಯಿಂದ ಒತ್ತಿತು.

ದಕ್ಷಿಣ ಕೊರಿಯಾ 1962ರಲ್ಲಿ ಸಾಂಸ್ಕೃತಿಕ ಸಂಪತ್ತಿನ ರಕ್ಷಣೆಗೆ ಕಾನೂನು ಮಾಡಿತು. ಅದರ ವಿಶೇಷವೆಂದರೆ, ಗುಡಿಗೋಪುರಗಳಂತೆಯೇ ಕೈಕಸುಬನ್ನೂ, ಅದನ್ನು ಬಲ್ಲ ಮನುಷ್ಯನನ್ನೂ ರಕ್ಷಿಸಬೇಕಾದ ಸಂಪತ್ತೆಂದು ಎಣಿಸಿದ್ದು. ಅರಮನೆಗೆ ಜೋಡು ಹೊಲಿದ ಕೊನೆಯ ತಲೆಮಾರಿನ ಹ್ವಾಂಗ್ ಹಾನ್ ಗಪ್ ಅವರಿಗೆ 1971ರಲ್ಲಿ ಈ ಮನ್ನಣೆ ದೊರೆಯಿತು. 1982ರಲ್ಲಿ ಅವರು ತೀರಿಕೊಂಡರು. ಅವರೊಡನೆ ಆ ಕಸುಬಿನ ಹೆಸರೂ ಪಟ್ಟಿಯಿಂದ ಹೊರಬಿತ್ತು. ಮತ್ತೆ ಸೇರಿದ್ದು 2004ರಲ್ಲಿ, ಅವರಲ್ಲೇ ಕಲಿತ ಮೊಮ್ಮಗ ಹ್ವಾಂಗ್ ಹೇ ಬಾಂಗ್ ಅವರ ಮೂಲಕ. ನಡುವಣ 22 ವರ್ಷ ಆ ವಿದ್ಯೆ ಸರಕಾರದ ದಫ್ತರದಲ್ಲಿರಲಿಲ್ಲ, ಒಂದು ಮನೆಯೊಳಗಿತ್ತು. ಮೊಮ್ಮಗ ಬೇರೆ ಕಸುಬು ಹಿಡಿದಿದ್ದರೆ?

ಇಂದು ಸೋಲ್ ನಗರದಲ್ಲಿ ಚರ್ಮದ ಕೈಕೆಲಸವನ್ನು ಓದುಬರಹ ಬಲ್ಲ ತರುಣ ತರುಣಿಯರು ಹಣ ಕೊಟ್ಟು ಕಲಿಯುತ್ತಾರೆ. ಇವರು ಮಾಡುವುದು ಹ್ಯೆಯನ್ನಲ್ಲ. ಕೈಚೀಲ, ಹಣದ ಚೀಲಗಳನ್ನು. ಹೊಲಿಗೆಯ ಕ್ರಮವೂ ಪಶ್ಚಿಮದ ಜೀನುಗಾರರದು. ಯಂತ್ರವನ್ನು ಎಲ್ಲಿಯವರೆಗೆ ಒಳಗೆ ಬಿಡಬೇಕೆಂಬ ಪ್ರಶ್ನೆ ಇವರಿಗೂ ತಪ್ಪಿದ್ದಲ್ಲ. ಯಂತ್ರವೆಂದರೆ ಮೂಗು ಮುರಿಯುವ ಭಾವುಕತೆ ನನಗೆ ಒಪ್ಪಿಗೆಯಿಲ್ಲ. ಮಡಿಸಬೇಕಾದ ಅಂಚನ್ನು ತೆಳುವಾಗಿ ಹೆರೆಯುವ ಕೆಲಸವನ್ನು ಯಂತ್ರ ಒಂದೇ ಸಮನಾಗಿ ಮಾಡುತ್ತದೆ. ಅಲ್ಲಿ ಕೈ ಸೋತರೆ ನಷ್ಟವೇನಿಲ್ಲ. ಹೊಲಿಗೆಯ ಮಾತು ಬೇರೆ. ಯಂತ್ರದಲ್ಲಿ ಮೇಲಿನ ದಾರ ಮೇಲೆಯೇ, ಕೆಳಗಿನದು ಕೆಳಗೆಯೇ ಉಳಿದು ಚರ್ಮದ ನಡುವೆ ಒಂದನ್ನೊಂದು ತೊಡರುತ್ತವೆ. ಒಂದು ಹರಿದರೆ ಇನ್ನೊಂದಕ್ಕೆ ಹಿಡಿತವಿಲ್ಲ, ಹೊಲಿಗೆ ಬಿಚ್ಚತೊಡಗುತ್ತದೆ. ಕೈಹೊಲಿಗೆಯಲ್ಲಿ ಒಂದೇ ದಾರದ ಎರಡು ತುದಿಗೂ ಸೂಜಿ. ಪ್ರತಿ ರಂಧ್ರದಲ್ಲೂ ಎರಡೂ ಎದುರುಬದುರಾಗಿ ಹಾದುಹೋಗುತ್ತವೆ. ಒಂದು ಕಡೆ ದಾರ ಸವೆದು ಹೋದರೂ ಇನ್ನೊಂದು ಕಡೆಯದು ಚರ್ಮವನ್ನು ಹಿಡಿದುಕೊಂಡಿರುತ್ತದೆ. ಸಾಮಾನ್ಯ ಹೊಲಿಗೆಯಂತ್ರ ಇದನ್ನು ಮಾಡಲಾರದು.

ಆ ನಗರದ ಸಿನ್‌ಸಲ್‌ದೊಂಗ್ ಚರ್ಮದ ಪೇಟೆಯಲ್ಲಿ ತೊಗಲು ಕೊಂಡು, ಪಕ್ಕದಲ್ಲೇ ಯಂತ್ರದಿಂದ ಹೆರೆಸಿಕೊಂಡು, ಮನೆಗೆ ಒಯ್ದು ಎರಡು ಸೂಜಿಯಲ್ಲಿ ಹೊಲಿಯುವವರಿದ್ದಾರೆ. ಇತ್ತ ಸಂಗ್‌ಸುದೊಂಗ್ ಬಡಾವಣೆಯಲ್ಲಿ, ಕೈಯಿಂದ ಬೂಟು ಮಾಡಿಯೇ ಜೀವನ ಸಾಗಿಸಿದ ಹಿರಿಯರ ಕಾರ್ಖಾನೆಗಳನ್ನು ಏರುವ ಬಾಡಿಗೆ ಹೊರದೂಡುತ್ತಿದೆ. ಆ ಕಟ್ಟಡಗಳಿಗೆ ಕಾಫಿ ಅಂಗಡಿಗಳು ಬರುತ್ತಿವೆ.