ಸಮ್ಮೇಳನಾಧ್ಯಕ್ಷರ ಆಯ್ಕೆ: ಮತವೂ ತೀರ್ಪೂ

ಒಂದು ಕಲೆಯನ್ನಾಗಲಿ ವಿನೋದವನ್ನಾಗಲಿ ಹೃತ್ಪೂರ್ವಕವಾಗಿ ಪ್ರೀತಿಸುವ ಜನರು, ರಾಜಾಶ್ರಯದ ಹಂಗಿಲ್ಲದೆ ತಮ್ಮೊಳಗಿನ ಶ್ರೇಷ್ಠರನ್ನು ತಾವೇ ಗುರುತಿಸಿ ಗೌರವಿಸಹೊರಟಾಗ, ಅವರಿಗೆ ಎರಡು ಮಾರ್ಗಗಳು ಎದುರಾಗುತ್ತವೆ: ಎಲ್ಲರ ಮತವನ್ನು ಎಣಿಸುವುದು ಒಂದು, ಬಲ್ಲವರ ತೀರ್ಪಿಗೆ ತಲೆಬಾಗುವುದು ಇನ್ನೊಂದು. ಮೇಜಿನ ಸುತ್ತ ಕುಳಿತು ಆಡುವ ಆಟಗಳ ಲೋಕದಲ್ಲಿ ಎರಡಕ್ಕೂ ನಿದರ್ಶನಗಳುಂಟು. ಜರ್ಮನಿಯಲ್ಲಿ 1979ರಿಂದ ಕೊಡಲ್ಪಡುತ್ತಿರುವ 'ಶ್ಪೀಲ್ ಡೆಸ್ ಯಾರೆಸ್' ಪ್ರಶಸ್ತಿಯನ್ನು ವಿಮರ್ಶಕರ ಮಂಡಲಿಯೊಂದು ನಿರ್ಣಯಿಸುತ್ತದೆ. ಅಮೆರಿಕದಲ್ಲಿ 2001ರಲ್ಲಿ ಹುಟ್ಟಿದ 'ಎನ್ನಿ' ಪ್ರಶಸ್ತಿಯಲ್ಲಿ ಅಭಿಮಾನಿಗಳೇ ಚುನಾಯಿಸಿದ ಐವರು ತೀರ್ಪುಗಾರರು ಕೃತಿಗಳನ್ನು ಸೋಸಿ ಕೊಟ್ಟ ಮೇಲೆ ಸಾರ್ವಜನಿಕರು ಮತ ಹಾಕುತ್ತಾರೆ. ಮುಂಬಯಿಗೆ ಸಮೀಪದ ಠಾಣೆ, ಡೊಂಬಿವಲಿ, ಕಲ್ಯಾಣ ಪ್ರಾಂತದಲ್ಲಿ ಇದೇ ಪ್ರಶ್ನೆ ಸಾಹಿತ್ಯದ ಅಂಗಳದಲ್ಲಿ ಎದ್ದಿತು. ಅಖಿಲ ಭಾರತೀಯ ಮರಾಠಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರನ್ನು ಆರಿಸುವ ಕ್ರಮದ ಇತಿಹಾಸವು ಆ ಪ್ರಶ್ನೆಯ ಇತಿಹಾಸವೇ ಆಗಿದೆ.

ಸಮ್ಮೇಳನದ ಮೂಲ 1878ರ ಪುಣೆಯ ಗ್ರಂಥಕಾರರ ಸಭೆ. ಅದರ ಅಧ್ಯಕ್ಷರು ನ್ಯಾಯಮೂರ್ತಿ ಮಹಾದೇವ ಗೋವಿಂದ ರಾನಡೆ. 1885ರ ಎರಡನೆಯ ಸಭೆಗೆ ಆಹ್ವಾನ ಬಂದಾಗ ಮಹಾತ್ಮಾ ಜೋತಿಬಾ ಫುಲೆಯವರು ಅದನ್ನು ನಿರಾಕರಿಸಿ ಪತ್ರ ಬರೆದರು. ಕುಳಿತ ನಾಲ್ವರು ನಾಡಿನ ಹೆಸರಿನಲ್ಲಿ ಮಾತಾಡಬಹುದೇ ಎಂಬ ಶಂಕೆ ಹೀಗೆ ಈ ಸಂಸ್ಥೆಯ ತೊಟ್ಟಿಲಲ್ಲಿಯೇ ಮೊಳೆತಿತ್ತು. 1961ರಲ್ಲಿ ಪುಣೆ, ಮುಂಬಯಿ, ನಾಗಪುರ, ಔರಂಗಾಬಾದುಗಳ ಸಾಹಿತ್ಯ ಸಂಸ್ಥೆಗಳು ಕೂಡಿ ಮಹಾಮಂಡಳವೆಂಬ ಒಕ್ಕೂಟವನ್ನು ಸ್ಥಾಪಿಸಿಕೊಂಡವು. ಮುಂದೆ ಬೆಳೆದುಬಂದ ಚುನಾವಣೆಯ ಪದ್ಧತಿಯಲ್ಲಿ ಮತಾಧಿಕಾರವು ಈ ಘಟಕ ಸಂಸ್ಥೆಗಳಿಗೆ, ಮಹಾರಾಷ್ಟ್ರದ ಹೊರಗಿನ ಸಂಲಗ್ನ ಸಂಸ್ಥೆಗಳಿಗೆ, ಮಾಜಿ ಅಧ್ಯಕ್ಷರಿಗೆ ಮತ್ತು ಆತಿಥೇಯ ಸಮಿತಿಗೆ ಹಂಚಿಹೋಗಿತ್ತು. ಹತ್ತು ಕೋಟಿಗೆ ಸಮೀಪದ ಭಾಷಿಕರ ಪರವಾಗಿ ಮತ ಹಾಕುತ್ತಿದ್ದವರು ಸಾವಿರದ ಮೇಲೆ ಕೆಲವೇ ಮಂದಿ.

ಆ ಮತದ ಕಾಗದ ಅಂಚೆಯಲ್ಲಿ ಮನೆಗೆ ಬರುತ್ತಿತ್ತು. ಲಕೋಟೆಯನ್ನೊಡೆದು, ಉಮೇದುವಾರರ ಹೆಸರುಗಳನ್ನು ನೋಡಿ, ಒಬ್ಬರ ಮುಂದೆ ಗುರುತು ಮಾಡಿ, ಗಡುವಿನೊಳಗೆ ಮರಳಿ ಅಂಚೆಗೆ ಹಾಕಿದರೆ ಕರ್ತವ್ಯ ಮುಗಿಯಿತು. ಆ ಹೆಸರಿನ ಹಿಂದಿರುವ ಪುಸ್ತಕಗಳನ್ನು ಮತದಾರನು ಓದಿರಬೇಕೆಂಬ ನಿರ್ಬಂಧವನ್ನು ಯಾವ ನಿಯಮಾವಳಿಯೂ ವಿಧಿಸಲಾರದಷ್ಟೆ. ಹೀಗಾಗಿ ಕೆಲವರ ಲಕೋಟೆ ಮೇಜಿನ ಮೇಲೆಯೇ ಉಳಿಯಿತು. ಇನ್ನು ಕೆಲವರ ಖಾಲಿ ಕಾಗದಗಳನ್ನು ಉಮೇದುವಾರರ ಕಡೆಯವರು ಒಟ್ಟುಗೂಡಿಸಿ ತಾವೇ ತುಂಬುವರೆಂಬ ದೂರು ಹುಟ್ಟಿತು. ಮರಾಠಿಯಲ್ಲಿ ಅದಕ್ಕೆ 'ಗಠ್ಠಾ ಮತದಾನ' ಎಂದು ಹೆಸರು, ಎಂದರೆ ಕಟ್ಟುಗಟ್ಟಲೆ ಮತ. ಮತ ಹಾಕದಿರುವುದು ಔದಾಸೀನ್ಯವಾದರೆ, ಓದದೆ ಮತ ಹಾಕುವುದೂ ಕಾಗದವನ್ನು ಅನ್ಯರ ಕೈಗಿಡುವುದೂ ಅದಕ್ಕಿಂತ ಆಳವಾದ ಔದಾಸೀನ್ಯವೆಂದು ಹೇಳದಿರಲಾಗದು. ಮೊದಲನೆಯದು ಲೆಕ್ಕದಲ್ಲಿ ಕಾಣುತ್ತದೆ, ಎರಡನೆಯದು ಕಾಣುವುದೇ ಇಲ್ಲ.

ಇದರ ಫಲವು ಅತ್ಯಂತ ನೋವಿನಿಂದ ತೋರಿದುದು 1992ರ ಕೊಲ್ಹಾಪುರ ಸಮ್ಮೇಳನದ ಸಂದರ್ಭದಲ್ಲಿ. ಬೆಳಗಾವಿಯಲ್ಲಿ ಬಾಳಿ, ಅಲ್ಲಿಂದಲೇ ಬರೆದು, 1984ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪುರಸ್ಕಾರವನ್ನು ಪಡೆದಿದ್ದ ಕವಯಿತ್ರಿ ಇಂದಿರಾ ಸಂತರು ಆ ಚುನಾವಣೆಯಲ್ಲಿ ಹಾಸ್ಯ ಲೇಖಕ ರಮೇಶ ಮಂತ್ರಿಯವರಿಗೆ ಸೋತರು. ಸೋತವರ ಕಾವ್ಯವನ್ನು ಇಂದಿಗೂ ಕಣ್ಣಿಗೊತ್ತಿಕೊಂಡು ಓದುವ ಜನರಿದ್ದಾರೆ. ಕವಿ ವಿಂದಾ ಕರಂದೀಕರ, ನಾಟಕಕಾರ ವಿಜಯ ತೆಂಡೂಲಕರರಂಥವರು ಅಧ್ಯಕ್ಷಪೀಠವನ್ನು ಏರದೆಯೇ ಲೋಕವನ್ನು ಬಿಟ್ಟರು. ಮತಕ್ಕಾಗಿ ಊರೂರು ಸುತ್ತಿ ಕೈಜೋಡಿಸಬೇಕಾದ ಗೌರವವು ಮಾನಧನರನ್ನು ದೂರವಿಡುವುದು ಸಹಜವೇ ಆಗಿತ್ತು.

ಠಾಣೆ ನಗರವು ಈ ಸಮ್ಮೇಳನವನ್ನು 1960ರಲ್ಲಿ ರಾ. ಶ್ರೀ. ಜೋಗ, 1988ರಲ್ಲಿ ವಸಂತ ಕಾನೇಟಕರ, 2010ರ ಡಿಸೆಂಬರಿನಲ್ಲಿ ಉತ್ತಮ ಕಾಂಬಳೆಯವರ ಅಧ್ಯಕ್ಷತೆಯಲ್ಲಿ ಬರಮಾಡಿಕೊಂಡಿತು. ಡೊಂಬಿವಲಿಯ ಸರದಿ ಬಂದುದು 2017ರ ಫೆಬ್ರವರಿಯಲ್ಲಿ, 90ನೆಯ ಸಮ್ಮೇಳನಕ್ಕೆ. ಆಗರಿ ಯೂಥ್ ಫೋರಮ್ ಆತಿಥ್ಯ ವಹಿಸಿತು. ಸಾವಳಾರಾಮ ಮಹಾರಾಜ ಕ್ರೀಡಾಸಂಕುಲದಲ್ಲೆದ್ದ ಸಾಹಿತ್ಯನಗರಿಗೆ ಆ ಊರಿನವರೇ ಆಗಿದ್ದ ಪು. ಭಾ. ಭಾವೆಯವರ ಹೆಸರಿಡಲಾಯಿತು. ನಾಲ್ವರು ಕಣದಲ್ಲಿದ್ದರು. ನಾಗಪುರದ ವಿಮರ್ಶಕ ಅಕ್ಷಯಕುಮಾರ ಕಾಳೆಯವರು ಠಾಣೆಯ ಕವಿ ಪ್ರವೀಣ ದವಣೆಯವರನ್ನೂ ಉಳಿದಿಬ್ಬರನ್ನೂ ಬಹುದೊಡ್ಡ ಅಂತರದಿಂದ ಸೋಲಿಸಿದರು. ಇಲ್ಲಿ ನಿಂತು ಯೋಚಿಸಬೇಕಾದ ಮಾತೊಂದುಂಟು. ಬೆಳಗಿನ ಲೋಕಲ್ ಗಾಡಿಯಲ್ಲಿ ಒಂದು ಕೈಯಲ್ಲಿ ಹಿಡಿಕೆಯನ್ನೂ ಇನ್ನೊಂದರಲ್ಲಿ ವಾಚನಾಲಯದ ಪುಸ್ತಕವನ್ನೂ ಹಿಡಿದು, ಠಾಣೆ ದಾಟುವಷ್ಟರಲ್ಲಿ ಒಂದು ಅಧ್ಯಾಯವನ್ನು ಮುಗಿಸುವ ಡೊಂಬಿವಲಿಯ ಓದುಗನಿಗೆ, ತನ್ನ ಮನೆಯಂಗಳದಲ್ಲೇ ನಡೆದ ಈ ಆಯ್ಕೆಯಲ್ಲಿ ಮತವಿರಲಿಲ್ಲ.

ಅದೇ ಓದುಗನಿಗೆ ಲೋಕಸಭೆಯ ಮತವಿತ್ತು. ಅದನ್ನಾದರೂ ಆ ಪ್ರಾಂತವು ಪೂರ್ಣವಾಗಿ ಬಳಸಲಿಲ್ಲ. ಡೊಂಬಿವಲಿಯನ್ನೊಳಗೊಂಡ ಕಲ್ಯಾಣ ಲೋಕಸಭಾ ಕ್ಷೇತ್ರದ ಮೊದಲ ಚುನಾವಣೆಯಲ್ಲಿ, 2009ರ ಏಪ್ರಿಲ್ 30ರಂದು, ನೂರಕ್ಕೆ ಸುಮಾರು 34 ಮಂದಿ ಮಾತ್ರ ಮತಗಟ್ಟೆಗೆ ಬಂದರು. ಅಂದು ಗುರುವಾರ, ಮರುದಿನ ಮಹಾರಾಷ್ಟ್ರ ದಿನದ ರಜೆ, ಬೇಸಗೆಯಲ್ಲಿ ಊರಿಗೆ ಹೊರಡುವ ಕಾಲ. 2024ರ ಮೇ 20ರಂದು ಈ ಪ್ರಮಾಣ ಅರ್ಧದಷ್ಟಕ್ಕೆ ಏರಿತು. ಆದರೂ ರಜೆಯೊಂದನ್ನೇ ದೂರಿದರೆ ಸಾಲದು; ಹಗಲೆಲ್ಲ ಮುಂಬಯಿಯಲ್ಲಿ ದುಡಿದು ಮಲಗಲು ಮಾತ್ರ ಬರುವ ಊರನ್ನು ತನ್ನದೆಂದು ತಿಳಿಯಲು ಕಾಲ ಬೇಕು.

ಇತ್ತ ಸಮ್ಮೇಳನದ ವಿಷಯದಲ್ಲಿ ಮಹಾಮಂಡಳವು 2018ರಲ್ಲಿ ತನ್ನ ನಿಯಮಾವಳಿಯನ್ನು ತಿದ್ದಿ ಅಧ್ಯಕ್ಷರ ಚುನಾವಣೆಯನ್ನು ಕೈಬಿಟ್ಟಿತು. ಘಟಕ ಸಂಸ್ಥೆಗಳು ಹೆಸರುಗಳನ್ನು ಸೂಚಿಸುವುದು, ಪ್ರತಿನಿಧಿಗಳು ಕುಳಿತು ವಿಚಾರಿಸಿ ಒಬ್ಬರನ್ನು ಸನ್ಮಾನಪೂರ್ವಕವಾಗಿ ಆಹ್ವಾನಿಸುವುದು ಹೊಸ ಕ್ರಮ. ಬಡೋದೆ ಸಮ್ಮೇಳನದ ಅಧ್ಯಕ್ಷ ಲಕ್ಷ್ಮೀಕಾಂತ ದೇಶಮುಖರು ಚುನಾಯಿತರಲ್ಲಿ ಕೊನೆಯವರಾದರು. 2019ರ ಜನವರಿಯ ಯವತಮಾಳ ಸಮ್ಮೇಳನಕ್ಕೆ ಅರುಣಾ ಢೇರೆಯವರು ಒಮ್ಮತದಿಂದ ಬಂದರು. ಮತಯಾಚನೆಗೆ ಎಂದೂ ಹೊರಡುತ್ತಿರಲಿಲ್ಲವೆಂದು ಧೈರ್ಯವಾಗಿ ಹೇಳಬಹುದಾದ ವಿಜ್ಞಾನಿ ಜಯಂತ ನಾರಳೀಕರರು 2021ರ ನಾಸಿಕ ಸಮ್ಮೇಳನಕ್ಕೆ ಆಯ್ಕೆಯಾದದ್ದು ಈ ಬದಲಾವಣೆಯ ಸತ್ಫಲ. ಆದರೆ ಹೊಸ ಕ್ರಮದಲ್ಲಿ ವಿಚಾರಣೆ ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತದೆ. ಯಾರ ಹೆಸರು ಏಕೆ ಬಿದ್ದುಹೋಯಿತೆಂಬುದು ಓದುಗನಿಗೆ ತಿಳಿಯುವುದಿಲ್ಲ. ತೀರ್ಪುಗಾರರು ಕಾರಣವನ್ನು ಬರೆದು ಪ್ರಕಟಿಸುವ ಪದ್ಧತಿ ಬಂದಿದ್ದರೆ ಚುನಾವಣೆಯನ್ನು ಬಿಟ್ಟುದು ಇನ್ನಷ್ಟು ಸಾರ್ಥಕವಾಗುತ್ತಿತ್ತು.

ಠಾಣೆ, ಡೊಂಬಿವಲಿ, ಕಲ್ಯಾಣಗಳ ಕನ್ನಡಿಗರಿಗೆ ಇದರ ಮರುಮುಖವೂ ಪರಿಚಿತ. 1915ರಲ್ಲಿ ಹುಟ್ಟಿದ ಕನ್ನಡ ಸಾಹಿತ್ಯ ಪರಿಷತ್ತಿನಲ್ಲಿ ಸಮ್ಮೇಳನಾಧ್ಯಕ್ಷರನ್ನು ಕಾರ್ಯಕಾರಿ ಸಮಿತಿ ಆರಿಸುತ್ತದೆ. 1951ರ ಮುಂಬಯಿ ಸಮ್ಮೇಳನದ ಪೀಠವನ್ನೇರಿದವರು ಮಂಜೇಶ್ವರದ ಎಂ. ಗೋವಿಂದ ಪೈಗಳು. ಮತಪೆಟ್ಟಿಗೆಯನ್ನು ಇಡುವುದು ಪರಿಷತ್ತಿನ ಆಡಳಿತದ ಅಧ್ಯಕ್ಷಗಿರಿಗೆ, ಲಕ್ಷಗಟ್ಟಲೆ ಸದಸ್ಯರ ಮುಂದೆ. ವಿದ್ವತ್ತಿನ ಗೌರವಕ್ಕೆ ತೀರ್ಪು, ಸಂಸ್ಥೆಯ ಆಡಳಿತಕ್ಕೆ ಮತ ಎಂಬ ಈ ವಿಭಾಗಕ್ಕೆ ಮರಾಠಿ ಮಹಾಮಂಡಳವು ಸಮೀಪಿಸಿದುದು ಶತಮಾನ ದಾಟಿದ ಮೇಲೆ.